ಕಜ್ಜಿಯೂ ಲಜ್ಜೆಯೂ



ಸ್ಮರಣ ಸಂಚಿಕೆಯಲ್ಲಿ ಸಾಲೆಯ ಏಳಿಗೆಯನ್ನು ಬರೆಯುವದು ವಾಡಿಕೆ. ಈ ಸಾರೆ ನಾನು ನನ್ನದೊಂದು ತಪ್ಪನ್ನು ಬರೆಯುವೆನು. ಇದನ್ನೋದಿ ಒಂದು ಮನೆಯಲ್ಲಾದರೂ ಒಬ್ಬ ಹುಡುಗಿಯು ಅಂಥ ನೋವಿನಿಂದ ಪಾರಾದರೆ ಬರೆದದ್ದು ಸಾರ್ಥಕವಾದೀತು.

ಬೋರ್ಡಿಂಗಿನ ಮೇಲ್ವಿಚಾರಣೆಯನ್ನು ನಾನು ಮೊದಲು ವಹಿಸಿಕೊಂಡ ವರುಷವದು. ಕ್ರಿಸ್ತಜಯಂತಿಯ ರಜೆ ಮುಗಿದು ಕೆಲವು ದಿನಗಳಾಗಿದ್ದವು. ಮುಂಡರಗಿಯ ಕಡೆಯ ಹಳ್ಳಿಯಿಂದ ಬಂದ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಒಂದು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಕೈಗಳನ್ನು ಮುಂದೆ ಚಾಚಿ, “ಅಕ್ಕೋರೆ, ರಾತ್ರಿಯೆಲ್ಲಾ ತುರಸ್ತೈತ್ರಿ, ನಿದ್ದಿ ಬರಂಗಿಲ್ರಿ” ಎಂದಳು. ಬೆರಳ ಸಂದುಗಳಲ್ಲಿ ಸಣ್ಣ ಗುಳ್ಳೆಗಳು. ಮಣಿಕಟ್ಟಿನಲ್ಲಿ ಕೆರೆದು ಮಾಡಿಕೊಂಡ ಹುಣ್ಣು. ಕಜ್ಜಿಯೆಂದು ತಿಳಿದ ಕೂಡಲೆ ನಾನು ಎರಡು ಹೆಜ್ಜೆ ಹಿಂದೆ ಸರಿದೆನು. ಆ ರಾತ್ರಿ ಅವಳ ಹಾಸಿಗೆಯನ್ನು ಪಡಸಾಲೆಗೆ ಹಾಕಿಸಿ, ಮರುದಿನ ತಾಯಿಯನ್ನು ಕರೆಯಿಸಿ ಮನೆಗೆ ಕಳುಹಿಬಿಟ್ಟೆನು. ಆ ತಾಯಿ ಏನೂ ಅನ್ನಲಿಲ್ಲ. ಮಗಳ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡು ಬಸ್ಸಿನ ದಾರಿ ಹಿಡಿದರು.

ವಾರ ಕಳೆಯುವದರೊಳಗೆ ಮತ್ತೂ ಕೆಲವರು ಇರುಳಲ್ಲಿ ಕೆರೆದುಕೊಳ್ಳುವದು ಕಂಡುಬಂದಿತು. ಬಾಸೆಲ್ ಮಿಶನ್ನಿನವರು ಬೆಟಗೇರಿಯಲ್ಲಿ 1841ರಲ್ಲಿ ನೆಲೆಯೂರಿ, ಮುಂದೆ ದವಾಖಾನೆಯನ್ನೂ ತೆರೆದಂದಿನಿಂದ ನಮ್ಮ ಸೀಮೆಯಲ್ಲಿ ರೋಗಿಗಳ ಶುಶ್ರೂಷೆಯನ್ನು ದೇವರ ಸೇವೆಯೆಂದು ಎಣಿಸುವ ಹೆಂಗಸರಿಗೆ ಕೊರತೆಯಿಲ್ಲ. ಅಂಥ ಹಿರಿಯ ನರ್ಸಬಾಯಿಯವರೊಬ್ಬರಿಗೆ ಹೇಳಿಕಳುಹಿದೆನು. ಅವರು ದೀಪದ ಕೆಳಗೆ ಕುಳಿತು, ಪ್ರತಿಯೊಬ್ಬಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಸಾವಕಾಶವಾಗಿ ನೋಡಿದರು. ಹದಿಮೂರು ಜನರಿಗೆ ಕಜ್ಜಿಯಿತ್ತು. ಇಬ್ಬರು ದೊಡ್ಡ ಹುಡುಗಿಯರು ದೀಪಾವಳಿಯಿಂದಲೂ ಅದನ್ನು ಉದ್ದ ತೋಳಿನ ಸ್ವೆಟರಿನಲ್ಲಿ ಮುಚ್ಚಿಟ್ಟುಕೊಂಡಿದ್ದರು. ನರ್ಸಬಾಯಿಯವರು ನನ್ನ ಕಡೆಗೆ ತಿರುಗಿ, “ನೀವು ಮನಿಗೆ ಕಳಿಸಿದಾಕಿ ಕಜ್ಜಿ ತಂದಾಕಿ ಅಲ್ರಿ, ಮೊದಲ ಬಾಯಿ ಬಿಟ್ಟು ಹೇಳಿದಾಕಿ” ಅಂದರು. ನಿಜ ನುಡಿದವಳನ್ನು ನಾನು ಶಿಕ್ಷಿಸಿದ್ದೆನು.

ಅವರು ಕಲಿಸಿದ್ದನ್ನು ನಿಮಗೂ ಹೇಳುವೆನು. ಕಜ್ಜಿಯು ಹೊಲಸುತನದ ಗುರುತಲ್ಲ, ಪಾಪದ ಫಲವೂ ಅಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ ನುಸಿಯು ಚರ್ಮದಲ್ಲಿ ಬಿಲ ತೋಡಿ ತತ್ತಿಯಿಡುವದೇ ಅದಕ್ಕೆ ಕಾರಣ. ಮೊದಲ ಸಾರೆ ತಗುಲಿದವರಿಗೆ ಸಾಮಾನ್ಯವಾಗಿ 4ರಿಂದ 6 ವಾರಗಳ ವರೆಗೆ ತುರಿಕೆಯೇ ತೋರದು; ಆದರೆ ಅಷ್ಟರೊಳಗೆ ಅದು ಇನ್ನೊಬ್ಬರಿಗೆ ದಾಟಬಲ್ಲದು. ಆದಕಾರಣ ಕೆರೆದುಕೊಳ್ಳುವವಳೊಬ್ಬಳನ್ನು ಹೊರಗೆ ಹಾಕಿದರೆ ರೋಗವು ಒಳಗೇ ಉಳಿಯುವದು. ಬಹಳ ಹೊತ್ತು ಮೈಗೆ ಮೈ ತಾಗಿ ಮಲಗಿದಲ್ಲಿ ಅದು ಹರಡುತ್ತದೆ. ಕ್ಷಣಮಾತ್ರ ಕೈಹಿಡಿದು ನೋಡಿದರೆ ಹರಡುವದು ಅಪರೂಪ.

ಚಿಕಿತ್ಸೆಯನ್ನು ಮನೆಯವರೆಲ್ಲರೂ ಒಂದೇ ದಿನ ಮಾಡಿಕೊಳ್ಳಬೇಕು, ತುರಿಕೆಯಿಲ್ಲದವರೂ ಸಹ. ವೈದ್ಯರು ಸಾಮಾನ್ಯವಾಗಿ ಕೊಡುವ ಶೇಕಡಾ 5ರ ಪರ್ಮೆಥ್ರಿನ್ ಮುಲಾಮನ್ನು ರಾತ್ರಿ ಕೊರಳಿನಿಂದ ಅಂಗಾಲಿನ ವರೆಗೆ, ಬೆರಳ ಸಂದು, ಕಂಕುಳು, ಹೊಕ್ಕಳು, ಉಗುರಿನಡಿ ಏನನ್ನೂ ಬಿಡದೆ ಹಚ್ಚಿ, 8ರಿಂದ 14 ತಾಸುಗಳ ತರುವಾಯ ತೊಳೆಯಬೇಕು. ವಾರದ ಮೇಲೆ ಮತ್ತೊಮ್ಮೆ ಹಚ್ಚಬೇಕು. ಕೂಸುಗಳ ಮತ್ತು ಬಸುರಿಯರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮಾಡಬೇಕು. ತೊಟ್ಟ ಬಟ್ಟೆ, ಹೊದಿಕೆಗಳನ್ನು ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನೀರಿಗೆ ಬರವಿರುವ ನಮ್ಮ ಊರುಗಳಲ್ಲಿ ಕಂಬಳಿ, ಕೌದಿಗಳನ್ನೆಲ್ಲ ಒಗೆಯುವದು ಸುಲಭವಲ್ಲ; ಒಗೆಯಲಾಗದ್ದನ್ನು ಚೀಲದಲ್ಲಿ ಬಿಗಿದು ಒಂದು ವಾರ ಮುಟ್ಟದೆ ಇಟ್ಟರಾಯಿತು. ಮೈಬಿಟ್ಟ ನುಸಿಯು ಎರಡು ಮೂರು ದಿನಗಳಿಗಿಂತ ಹೆಚ್ಚು ಸಾಮಾನ್ಯವಾಗಿ ಬದುಕದು. ಚಿಕಿತ್ಸೆಯಾದ ಮೇಲೂ ಕೆಲವು ವಾರ ತುರಿಕೆ ಉಳಿಯಬಹುದು. ಅದಕ್ಕೆ ಹೆದರಿ ದಿನಾಲು ಮುಲಾಮು ಬಳಿಯಬಾರದು. ಅಂಗಡಿಯವನು ಕೊಟ್ಟ ಸ್ಟಿರಾಯಿಡ್ ಬೆರೆತ ಮುಲಾಮು ತುರಿಕೆಯನ್ನು ಅಡಗಿಸಿ ರೋಗವನ್ನು ಮರೆಮಾಡೀತು, ಗಜಕರ್ಣವನ್ನಂತೂ ಹಬ್ಬಿಸೀತು. ಕೆರೆದ ಹುಣ್ಣು ಕೀವಾದರೆ ತಡಮಾಡಬೇಡಿರಿ. ಅದರಿಂದ ಮೂತ್ರಪಿಂಡಗಳಿಗೂ ಕೇಡು ಉಂಟಾಗಬಹುದು.

ಆ ರಾತ್ರಿ ಹುಡುಗಿಯರು, ಅಡಿಗೆಯವರು, ನಾನು ಎಲ್ಲರೂ ಮುಲಾಮು ಹಚ್ಚಿಕೊಂಡೆವು. ಅಕ್ಕೋರೂ ಹಚ್ಚಿಕೊಂಡರೆಂದು ತಿಳಿದ ಮೇಲೆ ಯಾರೂ ನಾಚಲಿಲ್ಲ.

ಲಜ್ಜೆಯು ಇದಕ್ಕಿಂತ ದೊಡ್ಡ ಕೇಡನ್ನು ಮಾಡುವದು ಕುಷ್ಠರೋಗದಲ್ಲಿ. ತುರಿಕೆಯಿಲ್ಲದ, ಮುಟ್ಟಿದರೆ ಅರಿವಾಗದ, ಮಾಸಿದ ಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆ ಕಂಡರೆ ಮುಚ್ಚಿಡದೆ ಸರಕಾರಿ ದವಾಖಾನೆಗೆ ತೋರಿಸಿರಿ. ತೊನ್ನು ಬೇರೆ, ಅದು ಅಂಟುವದಿಲ್ಲ, ಅಲ್ಲಿ ಸ್ಪರ್ಶದ ಅರಿವೂ ಹೋಗುವದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹುವಿಧ ಔಷಧ ಚಿಕಿತ್ಸೆಯಿಂದ ಕುಷ್ಠವು 6 ಇಲ್ಲವೆ 12 ತಿಂಗಳುಗಳಲ್ಲಿ ಗುಣವಾಗುತ್ತದೆ. ಔಷಧವು ಧರ್ಮಾರ್ಥವಾಗಿ ದೊರೆಯುತ್ತದೆ. ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ಮಾತನ್ನು 2019ರಲ್ಲಿ ಕಾಯಿದೆಗಳಿಂದ ತೆಗೆದುಹಾಕಿದರು. ನಮ್ಮ ಮನಸ್ಸುಗಳಿಂದ ಅದನ್ನು ತೆಗೆಯುವ ಕೆಲಸ ನಮ್ಮದು. ಕರ್ತನು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನೆಂಬ ಪಾಠವನ್ನು ನಾನೇ ಎಷ್ಟೋ ಸಾರೆ ಕಲಿಸಿದ್ದೆನು. ಒಬ್ಬ ಹುಡುಗಿಯು ಕೈಚಾಚಿದಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಆ ಭಾನುವಾರ ನರ್ಸಬಾಯಿಯವರೊಡನೆ ಅವಳ ಊರಿಗೆ ಹೋದೆನು. ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಮನೆ. ಏಳು ಜನರಿಗೂ ಔಷಧ ಕೊಡಿಸಿದೆವು. ನಾನು ತಾಯಿಯವರ ಕ್ಷಮೆ ಬೇಡಿದಾಗ ಅವರು, “ಇರಲಿ ಬಿಡ್ರಿ ಅಕ್ಕೋರೆ, ಮಗಳನ್ನ ಕರಕೊಂಡು ಹೋಗ್ರಿ” ಎಂದರು. ಅವಳು ಬಂದಳು, ಓದಿದಳು, ಪಾಸಾದಳು. ಆದರೆ ಸಾಲೆಯಲ್ಲಿ ಇದ್ದಷ್ಟು ದಿನವೂ, ತನಗೆ ಜ್ವರ ಬಂದರೂ ನನ್ನ ಬಾಗಿಲಿಗೆ ಬಂದು ಹೇಳಲಿಲ್ಲ. ಕಜ್ಜಿಯು ವಾರಗಳಲ್ಲಿ ಮಾಯ್ದಿತ್ತು, ಇದು ಮಾಯಲಿಲ್ಲ.

ತಾಯಂದಿರೇ, ನಿಮ್ಮ ಮಗಳು ಮೈಮೇಲಿನ ಗುಳ್ಳೆಯನ್ನು ತೋರಿಸಲು ಬಂದರೆ ಮೊದಲು ಅವಳ ಕೈಯನ್ನು ಹಿಡಿಯಿರಿ. ಆಮೇಲೆ ಗುಳ್ಳೆಯನ್ನು ನೋಡಿರಿ.