ಅರ್ಧ ಹೆಸರು

ದೊಡ್ಡ ಬಂಡೆಯನ್ನು ಎಡವಿ ಬಿದ್ದವರು ಕಡಿಮೆ. ಸಣ್ಣ ಕಲ್ಲನ್ನು ಎಡವಿದವರೇ ಹೆಚ್ಚು. ಬಂಡೆ ದೂರದಿಂದಲೇ ಕಾಣುತ್ತದೆ, ಬಳಸಿ ನಡೆಯುತ್ತೇವೆ. ಕಲ್ಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತಿಳಿವಳಿಕೆಯ ವಿಷಯವೂ ಹೀಗೆಯೇ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ತಪ್ಪಿಲ್ಲದೆ ಹೇಳಬಲ್ಲ ವಿದ್ಯಾರ್ಥಿ, ಅಡುಗೆಮನೆಯ ಎರಡು ಡಬ್ಬಿಗಳ ವ್ಯತ್ಯಾಸ ತಿಳಿಯದೆ ಪೇಚಿಗೆ ಸಿಲುಕಬಹುದು. ಇದು ಊಹೆಯ ಮಾತಲ್ಲ. ಆ ವಿದ್ಯಾರ್ಥಿ ನಾನೇ.

ನಾನು ಹುಟ್ಟಿ ಬೆಳೆದದ್ದು ಕುಮಟೆಯಲ್ಲಿ. ತಾಯಿಯ ತವರು ಹೊನ್ನಾವರದ ಕಡೆ. ಅತ್ತೆಯನ್ನು ಕೊಟ್ಟದ್ದು ಭಟ್ಕಳಕ್ಕೆ. ಒಂದೇ ಕರಾವಳಿಯ ರಸ್ತೆಯ ಮೇಲೆ ಒಂದರ ಕೆಳಗೊಂದು ಇರುವ ಈ ಮೂರು ಊರುಗಳೇ ನನ್ನ ಬಾಲ್ಯದ ಪ್ರಪಂಚ. ನಾನು ಐದನೆಯ ತರಗತಿಯಲ್ಲಿದ್ದಾಗ ಅತ್ತೆ ತನ್ನ ನಾಲ್ಕು ವರ್ಷದ ಮಗನೊಡನೆ ನಮ್ಮ ಮನೆಗೆ ಬರುವ ಸುದ್ದಿ ಬಂತು. ಬಹಳ ದಿನಗಳ ಮೇಲೆ ಮಗಳು ಬರುತ್ತಿದ್ದಾಳೆಂದು ಅಜ್ಜಿಗೆ ಹಿಗ್ಗೋ ಹಿಗ್ಗು. ಅತ್ತೆಗೆ ಅಜ್ಜಿಯ ಕೈಯ ಬಾಳೆಹಣ್ಣಿನ ಬನ್ಸ್ ಎಂದರೆ ಪ್ರಾಣ. ಹಣ್ಣು ಕಳಿತಿತ್ತು, ಮೊಸರು ಹುಳಿಯಾಗಿತ್ತು, ಮೈದಾ ಇತ್ತು. ಇಲ್ಲದ್ದು ಒಂದೇ.

"ತಮಾ, ಅಂಗಡಿಗೆ ಹೋಗಿ ಸ್ವಲ್ಪ ಸೋಡಾ ತಾ" ಎಂದರು ಅಜ್ಜಿ. "ಹಾಗೆಯೇ ಬಟ್ಟೆಯ ಸಾಬೂನನ್ನೂ ತಾ" ಎಂದು ಆಯಿ ಒಳಗಿನಿಂದ ಕೂಗಿದಳು.

ಅಂಗಡಿಯಲ್ಲಿ ಮೊದಲು ಸಾಬೂನು ಕೇಳಿದೆ. ಆಮೇಲೆ ಸೋಡಾ ಕೇಳಿದೆ. "ಯಾವ ಸೋಡಾ ಬೇಕು ತಮಾ?" ಎಂದರು ಅಂಗಡಿಯವರು. ಸೋಡಾದಲ್ಲಿಯೂ ಬಗೆಗಳಿವೆಯೆಂದು ನನಗೆ ಗೊತ್ತಿರಲಿಲ್ಲ. ಆದರೆ ಪಕ್ಕದಲ್ಲಿ ನನ್ನ ತರಗತಿಯ ಹುಡುಗನೊಬ್ಬ ನಿಂತಿದ್ದ. ಅವನ ಎದುರಿಗೆ ಗೊತ್ತಿಲ್ಲವೆನ್ನಲು ನಾಲಗೆ ಏಳಲಿಲ್ಲ. "ಅದೇ, ಬಿಳಿ ಪುಡಿ" ಎಂದುಬಿಟ್ಟೆ. ಸಾಬೂನಿನ ಜೊತೆಗೆ ಕೇಳಿದ ಸೋಡಾ ಬಟ್ಟೆಯದೇ ಇರಬೇಕೆಂದು ಅವರು ತಿಳಿದುಕೊಂಡರು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಪೊಟ್ಟಣ ಬಿಚ್ಚಿ, ಎಂದಿನ ಅಳತೆಯಲ್ಲಿ ಪುಡಿ ಬೆರೆಸಿ, ಹಿಟ್ಟು ನಾದಿಟ್ಟರು. ಸಂಜೆ ಬಿಸಿ ಬಿಸಿ ಬನ್ಸ್ ಬಾಳೆಲೆಗೆ ಬಿತ್ತು. ಮೊದಲ ತುತ್ತನ್ನು ಬಾಯಿಗಿಟ್ಟ ಮಗು ಅದನ್ನು ಉಗುಳಿ ಅಳತೊಡಗಿತು. ಅತ್ತೆ ತಾನೊಂದು ಚೂರು ತಿಂದಳು; ಅವಳ ಮುಖ ಬದಲಾಯಿತು. ಕಹಿ, ಸಾಬೂನಿನ ರುಚಿ, ನಾಲಗೆ ಉರಿ. ಮಗುವಿನ ಬಾಯಿಯನ್ನು ಮತ್ತೆ ಮತ್ತೆ ತೊಳೆಸಿದರು. ಅದೃಷ್ಟವಶಾತ್ ಹೆಚ್ಚಿನ ಅಪಾಯವೇನೂ ಆಗಲಿಲ್ಲ.

ಅಜ್ಜಿ ಮಾತ್ರ ಮೂಲೆಯಲ್ಲಿ ಕುಳಿತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. "ನನ್ನ ಕೈಯೇ ಕೆಟ್ಟಿತು. ಇನ್ನು ನಾನು ಒಲೆಯ ಮುಂದೆ ಕೂರುವುದಿಲ್ಲ" ಎಂದರು. ನನಗೆ ವಿಷಯ ಹೊಳೆದಿತ್ತು. ಆದರೂ ಬಾಯಿ ಬಿಡಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಅಜ್ಜಿಯ ಚಾಪೆಯ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಜ್ಜಿ ಬೈಯಲಿಲ್ಲ. "ಗೊತ್ತಿಲ್ಲ ಎನ್ನಲು ನಾಚಿಕೆಯೇಕೆ ತಮಾ? ಕೇಳಿದ್ದರೆ ಒಂದು ಗಳಿಗೆ ಸಣ್ಣವನಾಗುತ್ತಿದ್ದೆ, ಅಷ್ಟೇ ಅಲ್ಲವೇ?" ಎಂದರು.

ಮುಂದೆ ವಿಜ್ಞಾನದ ಪಾಠದಲ್ಲಿ ಈ ಎರಡು ಪುಡಿಗಳ ನಿಜವಾದ ಪರಿಚಯವಾಯಿತು. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದು ಮೊಸರಿನಂತಹ ಹುಳಿಯೊಡನೆ ಸೇರಿದಾಗ ಅಥವಾ ಕಾದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ, ಹಿಟ್ಟು ಉಬ್ಬುತ್ತದೆ. ಬಟ್ಟೆ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ಅದರ ಕ್ಷಾರಗುಣ ಬಹಳ ಹೆಚ್ಚು. ಜಿಡ್ಡನ್ನು ಬಿಡಿಸಲು ಅದು ಒಳ್ಳೆಯದು. ಬಾಯಿಗೂ ಹೊಟ್ಟೆಗೂ ಕೆಟ್ಟದ್ದು. ನಿಂಬೆಯ ರಸ ಹಿಂಡಿ ಪರೀಕ್ಷಿಸೋಣವೆಂದರೆ ಎರಡೂ ಒಂದೇ ರೀತಿ ನೊರೆಯುತ್ತವೆ. ಬಣ್ಣವೂ ಒಂದೇ. ನಾಲಗೆಯ ಮೇಲಿಟ್ಟು ನೋಡುವುದು ಅಪಾಯ. ಆದ್ದರಿಂದ ಇವುಗಳನ್ನು ಬೇರ್ಪಡಿಸುವ ಸುಲಭವಾದ ಸಾಧನ ಒಂದೇ: ಡಬ್ಬಿಯ ಮೇಲೆ ಬರೆದ ಪೂರ್ತಿ ಹೆಸರು.

ಆ ಘಟನೆಯ ಬಳಿಕ ನನಗೆ ಹೆಸರುಗಳ ಮೇಲೆ ಕಣ್ಣು ಬಿತ್ತು. ಒಂದೇ ಹೆಸರಿನಡಿ ಎರಡು ವಸ್ತುಗಳು, ಒಂದೇ ವಸ್ತುವಿಗೆ ಎರಡು ಹೆಸರುಗಳು ಎಲ್ಲೆಲ್ಲೂ ಕಾಣತೊಡಗಿದವು.

ಬೇಸಿಗೆಯ ರಜೆಯಲ್ಲಿ ಹೊನ್ನಾವರಕ್ಕೆ ಹೋದಾಗ ಅಜ್ಜ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಥೆ ಹೇಳುತ್ತಿದ್ದರು. ಅವಳು 16ನೆಯ ಶತಮಾನದಲ್ಲಿ ಈ ಸೀಮೆಯನ್ನು ಆಳಿದವಳು. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ, ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆ, ಈ ಮೂರರೊಡನೆಯೂ ಅವಳ ಹೆಸರು ಸೇರಿಕೊಂಡಿದೆ. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. ಅದನ್ನು ಕೇಳಿ ನಾನು ಕೆಂಪು ಮೆಣಸಿನಕಾಯಿಯ ರಾಶಿಯ ಮೇಲೆ ಕುಳಿತ ರಾಣಿಯನ್ನು ಕಲ್ಪಿಸಿಕೊಂಡಿದ್ದೆ! ವಾಸ್ತವವಾಗಿ ಅದು ಕಾಳುಮೆಣಸು. ಅದು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಮೆಣಸಿನಕಾಯಿಯಾದರೋ ಅಮೆರಿಕ ಖಂಡದ ಗಿಡ; ಪೋರ್ಚುಗೀಸರ ಹಡಗುಗಳ ಮೂಲಕ ಇಲ್ಲಿಗೆ ಬಂದದ್ದು. ಖಾರದಲ್ಲಿ ಹೋಲಿಕೆಯಿದ್ದುದರಿಂದ ಹೊಸಬನಿಗೆ ಹಳಬನ ಹೆಸರೇ ಅಂಟಿಕೊಂಡಿತು. ಈ ಗೊಂದಲ ನಮ್ಮದು ಮಾತ್ರವಲ್ಲ. ಇಂಗ್ಲಿಷಿನಲ್ಲಿಯೂ ಎರಡಕ್ಕೂ 'ಪೆಪ್ಪರ್' ಎನ್ನುವ ರೂಢಿ ಇಂದಿಗೂ ಉಳಿದಿದೆ.

ಗೇರು ಎಂಬ ಹೆಸರಿನ ಕಥೆಯೂ ಇಂತಹದೇ. ಈಗ ಗೇರು ಎಂದರೆ ಗೋಡಂಬಿಯ ಮರ. ಅದು ಬ್ರೆಜಿಲಿನಿಂದ ಪೋರ್ಚುಗೀಸರೊಡನೆ ಬಂದದ್ದು. ಅದಕ್ಕೂ ಮೊದಲೇ ನಮ್ಮ ಕಾಡಿನಲ್ಲಿದ್ದ ಗೇರು ಬೇರೆ, ಅದು ಕರಿಗೇರು. ಅದರ ಕಾಯಿಯ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಆ ರಸ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಗೋಡಂಬಿಯ ಸಿಪ್ಪೆಯ ಎಣ್ಣೆಗೂ ಈ ಗುಣವುಂಟು. ಆದ್ದರಿಂದಲೇ ನಮ್ಮ ಹಿರಿಯರು ಗೇರುಬೀಜವನ್ನು ಮನೆಯ ಹೊರಗೆ ಸುಡುತ್ತಿದ್ದರು, ಹೊಗೆಗೆ ಮುಖ ಕೊಡುತ್ತಿರಲಿಲ್ಲ, ಕೈಗೆ ತೆಂಗಿನೆಣ್ಣೆ ಸವರಿಕೊಂಡೇ ಸಿಪ್ಪೆ ಒಡೆಯುತ್ತಿದ್ದರು.

ಊರುಗಳ ಹೆಸರೂ ನಮ್ಮನ್ನು ದಾರಿ ತಪ್ಪಿಸಬಲ್ಲುದು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಜೋಗದ ಜಲಪಾತಕ್ಕೆ ಗೇರುಸೊಪ್ಪೆಯ ಜಲಪಾತವೆಂದೇ ಹೆಸರು. ಅದನ್ನು ನಂಬಿ ಗೇರುಸೊಪ್ಪೆಯಲ್ಲಿ ಬಸ್ಸಿಳಿದವನಿಗೆ ರಾಜಾ, ರಾಣಿ, ರೋರರ್, ರಾಕೆಟ್ ಯಾವುದೂ ಕಾಣದು. ಜೋಗ ಇರುವುದು ಘಟ್ಟದ ಮೇಲೆ. ಗೇರುಸೊಪ್ಪೆ ಇರುವುದು ಶರಾವತಿ ಘಟ್ಟವಿಳಿದು ಬಯಲಿಗೆ ಬರುವಲ್ಲಿ.

ಭಟ್ಕಳದ ಪೇಟೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ಕೊಂಕಣಿಯವರು ತಾರ್ಲೆ ಎನ್ನುವ ಮೀನನ್ನೇ ದಕ್ಷಿಣಕ್ಕೆ ಹೋದರೆ ತುಳುವರು ಬೂತಾಯಿ ಎನ್ನುತ್ತಾರೆ. ಇನ್ನೂ ದಕ್ಷಿಣಕ್ಕೆ ಹೋದರೆ ಮಲೆಯಾಳಿಗಳು ಮತ್ತಿ ಎನ್ನುತ್ತಾರೆ. ನಮ್ಮ ಕಡೆಯಲ್ಲಿ ಮತ್ತಿ ಎಂದರೆ ಕಾಡಿನ ಮರ! ನಾವು ಚಿಮಣಿ ಎಣ್ಣೆ ಎನ್ನುವುದನ್ನು ಮೈಸೂರಿನವರು ಸೀಮೆಎಣ್ಣೆ ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ಅದನ್ನು ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಯಲ್ಲಿ ತುಂಬಿಡಬಾರದು. ಮಕ್ಕಳಿಗೆ ಬಾಟಲಿ ಗೊತ್ತೇ ಹೊರತು ಒಳಗಿರುವುದು ಗೊತ್ತಿಲ್ಲ. ಅಕಸ್ಮಾತ್ತಾಗಿ ಯಾರಾದರೂ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ಎಣ್ಣೆ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೆ ಕುತ್ತು ತರಬಹುದು. ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕಲ್ಲುಸಕ್ಕರೆಯಂತೆಯೇ ಕಾಣುವ ಪಟಿಕವನ್ನೂ ಅದರ ಪಕ್ಕದಲ್ಲಿ ಇಡಬಾರದು.

ನಮ್ಮ ಅಟ್ಟದ ಮೇಲೆ ಮುರುಗಲು, ಉಪ್ಪಾಗೆ ಎರಡರ ಒಣಸಿಪ್ಪೆಗಳೂ ಇರುತ್ತಿದ್ದವು. ಎರಡೂ ಹುಳಿ, ಎರಡೂ ಒಂದೇ ಕುಲದ ಮರಗಳು. ಮುರುಗಲ ಹಣ್ಣು ದುಂಡಗೆ, ನುಣ್ಣಗೆ, ಕಡುಗೆಂಪು. ಪಾನಕಕ್ಕೆ ಅದೇ ಬೇಕು. ಉಪ್ಪಾಗೆಯ ಹಣ್ಣು ಹಳದಿ. ಸಣ್ಣ ಕುಂಬಳದಂತೆ ಏಣುಗಳುಳ್ಳದ್ದು. ಮುರುಗಲ ಬೀಜದಿಂದ ತೆಗೆದ ಗಟ್ಟಿಯಾದ ಕೊಬ್ಬಿಗೆ ನಮ್ಮಲ್ಲಿ ತುಪ್ಪವೆಂದೇ ಹೆಸರು. ಹಸುವಿಗೂ ಅದಕ್ಕೂ ಸಂಬಂಧವಿಲ್ಲ. ಒಡೆದ ಹಿಮ್ಮಡಿಗೆ ಅಜ್ಜಿ ಅದನ್ನೇ ಸವರುತ್ತಿದ್ದರು.

ಉಪ್ಪಿನ ಮಾತು ಬಂದರೆ ಅಜ್ಜಿಗೆ ಗೋಕರ್ಣದ ಬಳಿಯ ಸಾಣಿಕಟ್ಟಾದ ಕಲ್ಲುಪ್ಪೇ ಉಪ್ಪು. ಒಂದು ಚಮಚ ಪುಡಿಯುಪ್ಪು ಒಂದು ಚಮಚ ಕಲ್ಲುಪ್ಪಿಗಿಂತ ಹೆಚ್ಚು ತೂಗುತ್ತದೆ. ಹರಳುಗಳ ನಡುವೆ ಗಾಳಿಯ ಜಾಗವಿರುವುದೇ ಇದಕ್ಕೆ ಕಾರಣ. ಇದನ್ನರಿಯದೆ ಕಲ್ಲುಪ್ಪಿನ ಬದಲು ಪುಡಿಯುಪ್ಪನ್ನು ಅದೇ ಅಳತೆಯಲ್ಲಿ ಹಾಕಿದರೆ ಸಾರು ಉಪ್ಪಾಗುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯದಂತೆ ಅಜ್ಜಿ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಭರಣಿಯೊಳಗೆ ಇಡುತ್ತಿದ್ದರು. ಅಕ್ಕಿ ತೇವವನ್ನು ಹೀರಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಅಳ್ವೇಕೋಡಿ, ಹಂದಿಗೋಣಗಳ ರಸ್ತೆಯ ಬದಿಯಲ್ಲಿ ಮಾರುವ ಸಿಹಿ ಈರುಳ್ಳಿಯ ಜಡೆಗಳನ್ನು ತಂದು, ಗಾಳಿಯಾಡುವ ಜಾಗದಲ್ಲಿ ತೂಗುಹಾಕುತ್ತಿದ್ದರು. "ಮೂಟೆ ಕಟ್ಟಿಟ್ಟರೆ ಬೆವರುತ್ತದೆ, ಕೊಳೆಯುತ್ತದೆ" ಎನ್ನುತ್ತಿದ್ದರು.

ಜಗತ್ತಿನ ವಿದ್ವಾಂಸರನ್ನೂ ಹೆಸರಿನ ಗೊಂದಲ ಕಾಡಿತ್ತು. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ 1753ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನಗೆ ತಿಳಿದ ಪ್ರತಿಯೊಂದು ಬಗೆಯ ಸಸ್ಯಕ್ಕೂ ಎರಡು ಪದಗಳ ಹೆಸರಿಟ್ಟ. ಮೊದಲನೆಯದು ಕುಲದ ಹೆಸರು, ಎರಡನೆಯದು ಅದರದೇ ಗುರುತು. ಕಾಳುಮೆಣಸು ಪೈಪರ್ ನೈಗ್ರಮ್. ಮೆಣಸಿನಕಾಯಿ ಕ್ಯಾಪ್ಸಿಕಮ್ ಆನ್ಯುಅಮ್. ಊರು ಬದಲಾದರೂ ಭಾಷೆ ಬದಲಾದರೂ ಈ ಹೆಸರುಗಳು ಬದಲಾಗವು. ಇದನ್ನು ಓದಿದಾಗ ನನಗೆ ನಮ್ಮೂರಿನ ಅಂಗಡಿ ನೆನಪಾಯಿತು. 'ಸೋಡಾ' ಎಂಬುದು ಅರ್ಧ ಹೆಸರು. ಉಳಿದರ್ಧವನ್ನು ಅಂಗಡಿಯವರು ಕೇಳಿದ್ದರು, ನಾನು ಹೇಳಿರಲಿಲ್ಲ.

ಬನ್ಸಿನ ಪ್ರಸಂಗದ ಮರುದಿನ ನಾನು ಎರಡು ಡಬ್ಬಿಗಳನ್ನು ತೊಳೆದು, 'ಅಡುಗೆ ಸೋಡಾ', 'ಬಟ್ಟೆ ಸೋಡಾ' ಎಂದು ಬರೆದ ಚೀಟಿಗಳನ್ನು ಅಂಟಿಸಿದೆ. ಅಜ್ಜಿ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನಕ್ಕು, "ನನಗೆ ಓದು ಬರುವುದಿಲ್ಲವಲ್ಲ ತಮಾ" ಎಂದರು. ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಜೊತೆಗಿದ್ದೂ ಅದು ನನ್ನ ನೆನಪಿಗೆ ಬಂದಿರಲಿಲ್ಲ. ಅವರೇ ಮುಂದುವರಿಸಿದರು: "ಹಾಗಾದರೆ ಇದರ ಮೊದಲ ಅಕ್ಷರ ಯಾವುದು? ತೋರಿಸು."

ಇದ್ದಿಲಿನಿಂದ ನೆಲದ ಮೇಲೆ ದೊಡ್ಡದಾಗಿ 'ಅ' ಬರೆದೆ. ಪಕ್ಕದಲ್ಲಿ 'ಬ' ಬರೆದೆ. ಎಪ್ಪತ್ತು ದಾಟಿದ ಅಜ್ಜಿ ಮೊಮ್ಮಗನ ಮುಂದೆ ಕುಳಿತು ಅವುಗಳ ಮೇಲೆ ಬೆರಳಾಡಿಸಿದರು. ತಪ್ಪಿದಾಗ ನಾಚಲಿಲ್ಲ, ಮತ್ತೆ ಕೇಳಿದರು. ಚೀಟಿಗಳನ್ನು ಕಿತ್ತು, ಡಬ್ಬಿಗಳ ಮೇಲೆ ಅಂಗೈಯಗಲದ ಅಕ್ಷರಗಳನ್ನು ಬಣ್ಣದಿಂದ ಬರೆದೆವು. ವಾರದೊಳಗೆ ಅವರು ಡಬ್ಬಿಯನ್ನು ತಾವೇ ಗುರುತಿಸಿದರು. ಅತ್ತೆ ಭಟ್ಕಳಕ್ಕೆ ಹಿಂದಿರುಗುವ ಮುನ್ನಾದಿನ ಮತ್ತೆ ಒಲೆಯ ಮುಂದೆ ಕುಳಿತು ಬನ್ಸ್ ಮಾಡಿದರು. ಮಗು ನಾಲ್ಕು ತಿಂದಿತು.

ಆ ರಾತ್ರಿ ಅಜ್ಜಿ ನನ್ನನ್ನು ಹತ್ತಿರ ಕರೆದು, "ಇನ್ನು ನನ್ನ ಹೆಸರಿನ ಅಕ್ಷರಗಳನ್ನು ಕಲಿಸು. ಮೊದಲನೆಯದು ಮಾತ್ರವಲ್ಲ, ಪೂರ್ತಿ ಕಲಿಸು" ಎಂದರು.