ಮಾಸ್ತರರೂ ಹೊಸ ಧ್ವನಿಗ್ರಾಹಕವೂ

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳ (1914–2010) ಸನ್ನಿಧಿಯಲ್ಲಿ ಸಂಗೀತ ಕಲಿತ ಅಂಧ ಮಾಸ್ತರರೊಬ್ಬರು ಧಾರವಾಡದಲ್ಲಿ ನೆಲೆಸಿದ್ದಾರೆ. ಶಾಲೆಯ ಸೇವೆಯಿಂದ ನಿವೃತ್ತರಾಗಿ ಬಹಳ ವರ್ಷಗಳು ಸಂದವು. ಗುರುಮುಖದಿಂದ ಬಂದ ವಚನಗಳ ಧಾಟಿಗಳು ಅವರ ಕಂಠದಲ್ಲಿವೆಯೇ ಹೊರತು ಕಾಗದದ ಮೇಲಿಲ್ಲ. ಇದ್ದರೂ ಮೀಂಡಿನ ಎಳೆತವನ್ನು ಸ್ವರಲಿಪಿ ಎಷ್ಟೆಂದು ಹಿಡಿದೀತು? ಉಸಿರೋ ವರುಷ ವರುಷಕ್ಕೆ ಕುಗ್ಗುತ್ತಿದೆ. ಇದನ್ನರಿತ ಮೊಮ್ಮಗನು ಮನೆಯಲ್ಲಿಯೇ ಧ್ವನಿಮುದ್ರಣ ಮಾಡಲೆಂದು ಕಂಡೆನ್ಸರ್ ಮೈಕೊಂದನ್ನು ಕೊಂಡು ತಂದನು.

ಮಾಸ್ತರರಿಗೆ ಸಭೆಯ ಮೈಕು ಹೊಸದಲ್ಲ. ಅಲ್ಲಿ ಸಾಮಾನ್ಯವಾಗಿ ಬಳಸುವ ಮೈಕಿನಲ್ಲಿ ಪೊರೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗುತ್ತದೆ. ಬಾಯಿಗೆ ಹತ್ತಿರ ಹಿಡಿದರೇನೇ ಅದಕ್ಕೆ ತೃಪ್ತಿ. ಹೊಸದರಲ್ಲಿ ಅತಿ ತೆಳುವಾದ ಪೊರೆಯೊಂದು ಲೋಹದ ಫಲಕದೆದುರು ಕಂಪಿಸುತ್ತದೆ. ಅದಕ್ಕೆ 48 ವೋಲ್ಟ್ ವಿದ್ಯುತ್ತು ಬೇರೆ ಬೇಕು. ಪ್ರತಿಯಾಗಿ ಅದು ಪಿಸುಮಾತನ್ನೂ ಬಿಡುವುದಿಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಮೈಕೇ ಇರಲಿಲ್ಲ, ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕಿತ್ತು. 1925ರಿಂದೀಚೆಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆಯೇ ಮೆಲುದನಿಗೂ ತಟ್ಟೆಯಲ್ಲಿ ಸ್ಥಳ ದೊರೆಯಿತು.

ಪರೀಕ್ಷೆಯನ್ನು ಮಾಸ್ತರರು ತಮ್ಮದೇ ರೀತಿಯಲ್ಲಿ ನಡೆಸಿದರು. ಷಡ್ಜವನ್ನು ಹಿಡಿದು, ಮೈಕಿನ ಸುತ್ತ ಮೆಲ್ಲನೆ ಪ್ರದಕ್ಷಿಣೆ ಬಂದರು. ಮರಳಿ ಕೇಳಿದಾಗ ಮುಂಭಾಗದಲ್ಲಿ ತುಂಬಿದ್ದ ದನಿ ಹಿಂಭಾಗದಲ್ಲಿ ಸೊರಗಿತ್ತು. "ಇದರ ಬೆನ್ನು ಕಿವುಡೈತಿ, ಬೆನ್ನನ್ನ ಬೀದಿ ಕಿಟಕಿಗೆ ಮಾಡು" ಎಂದರು. ತೀರ ಸಮೀಪ ಹಾಡಿದರೆ ಮಂದ್ರಸ್ವರಗಳು ಅಳತೆ ಮೀರಿ ದಪ್ಪವಾದವು. ಒಂದು ದಿಕ್ಕಿನಿಂದ ಹೆಚ್ಚು ಕೇಳುವ ಮೈಕುಗಳ ಸ್ವಭಾವವೇ ಅದು. ಕೇಳಲು ಹಿತವಾಗಿತ್ತು, ಆದರೆ ಅವರಿಗೆ ಒಪ್ಪಿಗೆಯಾಗಲಿಲ್ಲ. ಒಂದು ಮೊಳ ಹಿಂದೆ ಸರಿದಾಗ ತಂಬೂರಿಯ ಜವಾರಿಯೂ ಕಂಠವೂ ಹದವಾಗಿ ಕೂಡಿದವು. ಬರಿಯ ಗೋಡೆಗಳು ಮಾರ್ದನಿಗೊಡುತ್ತಿದ್ದುದರಿಂದ ಮನೆಯ ಕೌದಿಗಳೆಲ್ಲ ಗೋಡೆಗೇರಿದವು. ಪಂಕವನ್ನು ನಿಲ್ಲಿಸಲಾಯಿತು. ಅಡಿಗೆಮನೆಯ ಕುಕ್ಕರಿಗೆ ಮಾತ್ರ ಯಾರ ಅಂಕೆಯೂ ಇರಲಿಲ್ಲ!

ಕಷ್ಟ ಬಂದುದು ಆಮೇಲೆ. ತಾರಷಡ್ಜದಲ್ಲಿ ದನಿಯ ನಡುಕ, ಸಾಲಿನ ನಡುವೆ ಉಸಿರಿನ ಸದ್ದು, ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಮಾಸ್ತರರು ಬಹಳ ಹೊತ್ತು ಮಾತನಾಡಲಿಲ್ಲ. ಮೊಮ್ಮಗನು ಗಣಕಯಂತ್ರದ ಮುಂದೆ ಕುಳಿತು, "ಅಜ್ಜಾ, ಈ ಉಸಿರು ಎಲ್ಲಾ ತಗದು ಬಿಡಲೇನು? ಸ್ವರಾನೂ ಸರಿ ಮಾಡಬಹುದು" ಎಂದನು.

"ಎಲ್ಲಾ ತಗೀಬ್ಯಾಡ. ಅದರಾಗ ಗುರುಗಳ ಉಸಿರೂ ಐತಿ."

ಮಾತು ಉತ್ಪ್ರೇಕ್ಷೆಯದಲ್ಲ. ವಚನಕ್ಕೆ ಹಾಡಿನಂತೆ ಸಮಚರಣಗಳಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅರ್ಥವೇ ಹೇಳಬೇಕು. ನಿಲುಗಡೆ ತಪ್ಪಿದರೆ ಪ್ರಶ್ನೆಯು ಉತ್ತರವಾಗಿಬಿಡುತ್ತದೆ. ಗುರುಗಳು ಕಲಿಸಿದ ನಿಲುಗಡೆಯನ್ನೂ ಮುಪ್ಪು ತಂದ ನಿಲುಗಡೆಯನ್ನೂ ಯಂತ್ರ ಒಂದೇ ಸಮನಾಗಿ ಬರೆದುಕೊಂಡಿತ್ತು. ಮುಂದೆ ಕೇಳುವ ಹುಡುಗನು ಇವೆರಡನ್ನು ಹೇಗೆ ಬೇರ್ಪಡಿಸಬೇಕು?

ಮರುದಿನ ನಸುಕಿನಲ್ಲಿ, ಬೀದಿ ಏಳುವ ಮುನ್ನ, ಮತ್ತೆ ತಂಬೂರಿ ಶ್ರುತಿಗೊಂಡಿತು. ಹಾಡುವ ಮೊದಲು ಮಾಸ್ತರರು ಮೈಕಿನೆದುರು ಸಾವಧಾನವಾಗಿ ನುಡಿದರು: "ಎರಡನೆಯ ಸಾಲಿನ ನಡುವೆ ನಿಲ್ಲುವುದು ಗುರುಗಳು ಹೇಳಿಕೊಟ್ಟದ್ದು. ಕೊನೆಯ ಸಾಲಿನಲ್ಲಿ ನಿಂತರೆ ಅದು ನನ್ನ ವಯಸ್ಸಿನದು, ಅದನ್ನು ಕಲಿಯಬೇಡಿರಿ." ಹಾಗೆಯೇ ಪ್ರತಿಯೊಂದಕ್ಕೂ ಮುನ್ನುಡಿ ಹೇಳಿ ಹಾಡಿದರು. ಆ ವಾರದಲ್ಲಿ ಏಳು ವಚನಗಳಾದವು.