ಮೊದಲು ನೀರು, ಆಮೇಲೆ ದೋಣಿ

ಅಹಮದಾಬಾದಿನಲ್ಲಿ ಕೂತು ‘ಸಮುದ್ರದಲ್ಲಿ ಮೀನು ಹಿಡಿಯೋಕೆ ಕಯಾಕ್ ತಗೋತಿದ್ದೀನಿ’ ಅಂದರೆ ಜನ ಎರಡು ಕಾರಣಕ್ಕೆ ನಗುತ್ತಾರೆ. ಒಂದು, ಈ ಊರಿಗೆ ಸಮುದ್ರವೇ ಇಲ್ಲ. ಎರಡು, ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಮೀನಿನ ಹೆಸರೆತ್ತುವುದೂ ಸ್ವಲ್ಪ ಧೈರ್ಯದ ಕೆಲಸ. ಆದರೆ ಹೊನ್ನಾವರದ ಕಡೆ ಹುಟ್ಟಿ, ಶರಾವತಿಯ ಅಳಿವೆಯಲ್ಲಿ ಗಾಳ ಹಾಕುತ್ತ ಬೆಳೆದವನಿಗೆ ಇದು ತಮಾಷೆಯಲ್ಲ. ಗುಜರಾತಿಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲು ವಡೋದರಾ, ಈಗ ಅಹಮದಾಬಾದ್, ಕೆಲಸದ ಮೇಲೆ ತಿಂಗಳಿಗೆರಡು ಸಲ ಸೂರತ್. ದೇಶದ ರಾಜ್ಯಗಳಲ್ಲೇ ಅತಿ ಉದ್ದದ ಕರಾವಳಿ ಇದರದು. ಕಡಲೂ ಅದೇ ಅರಬ್ಬಿ. ಹಾಗಾದರೆ ಇಲ್ಲೇ ಯಾಕಾಗಬಾರದು ಅನ್ನಿಸಿದ್ದು ಸಹಜ.

ಕಯಾಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅಂಗಡಿಯಿಂದ ಶುರು ಮಾಡುತ್ತಾರೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಅದು ರಿಕ್ವೈರ್‌ಮೆಂಟ್ ಬರೆಯದೆ ಸಾಫ್ಟ್‌ವೇರ್ ಕೊಂಡ ಹಾಗೆ. ನಾನು ನೀರಿನಿಂದ ಶುರು ಮಾಡಿದೆ. ಮೂರು ಊರು, ಮೂರು ನೀರು. ಮುಂಬೈ, ಚೆನ್ನೈನಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿರುವವರಿಗೆ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಅಹಮದಾಬಾದ್: ನಿಂತ ನೀರು

ಸಾಬರಮತಿ ರಿವರ್‌ಫ್ರಂಟ್‌ನಲ್ಲಿ ಕಾಣುವುದು ನದಿ, ಇರುವುದು ಕೆರೆ. ನರ್ಮದಾ ಕಾಲುವೆಯಿಂದ ಬಂದ ನೀರನ್ನು ಕೆಳಗೆ ವಾಸಣಾ ಬ್ಯಾರೇಜ್ ತಡೆದು ನಿಲ್ಲಿಸಿದೆ. ಸೆಳೆತವಿಲ್ಲ, ತೆರೆಯಿಲ್ಲ. ಸಮುದ್ರದ ಬಗ್ಗೆ ಈ ನೀರು ಏನೂ ಕಲಿಸುವುದಿಲ್ಲ, ಆದರೆ ನಿಮ್ಮ ಮೈ ಬಗ್ಗೆ ಕಲಿಸುತ್ತದೆ. ಒಂದು ಗಂಟೆ ಹುಟ್ಟು ಹಾಕಿದರೆ ಸೊಂಟ ಏನನ್ನುತ್ತದೆ, ಎದುರುಗಾಳಿಗೆ ತೋಳು ಎಷ್ಟು ತಡೆಯುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು.

ಕಯಾಕ್ ಹುಟ್ಟಿದ್ದು ಉತ್ತರ ಧ್ರುವದ ಸುತ್ತಿನ ಬೇಟೆಗಾರರ ಕೈಯಲ್ಲಿ. ತೇಲಿ ಬಂದ ಮರದ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ, ಬೇಟೆಗಾರನ ಮೈಯಳತೆಗೆ ತಕ್ಕಂತೆ ದೋಣಿ ಕಟ್ಟುತ್ತಿದ್ದರು. ಹಿಮದ ನೀರು ಮೈಗೆ ತಾಗದಂತೆ ಒಳಗೆ ಹೊಕ್ಕು ಕೂರುವ ದೋಣಿ ಅದು. ನಮ್ಮ ಬೆಚ್ಚಗಿನ ಕಡಲಿಗೆ ಆ ಮುಚ್ಚಳ ಬೇಡ. ಮೇಲೆ ಕೂರುವ ‘ಸಿಟ್-ಆನ್-ಟಾಪ್’ ಬಗೆ ಸಾಕು. ಇದರ ಒಡಲು ಪೂರ್ತಿ ಮುಚ್ಚಿರುತ್ತದೆ. ಮೇಲೆ ಬಿದ್ದ ನೀರು ಆರ್‌ಪಾರ್ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಮಗುಚಿದರೂ ತಿರುಗಿಸಿ ಹತ್ತಬಹುದು. ಒಳಗೆ ಕೂರುವ ದೋಣಿ ಮಗುಚಿ ನೀರು ತುಂಬಿದರೆ ಕಡಲಿನ ನಡುವೆ ಬರಿದು ಮಾಡುವುದು ಸುಲಭವಲ್ಲ.

ವಡೋದರಾ: ಏರುವ ನೀರು

ವಡೋದರಾದಲ್ಲಿ ವಿಶ್ವಾಮಿತ್ರಿ ಇದೆ, ಆದರೆ ಅದರಲ್ಲಿ ಮೊಸಳೆಗಳಿವೆ. 2024ರ ಆಗಸ್ಟ್ ನೆರೆಯಲ್ಲಿ ಅವು ರಸ್ತೆಗೇ ಬಂದಿದ್ದವು. ಆ ನದಿಯನ್ನು ಅವುಗಳಿಗೇ ಬಿಟ್ಟು, ಊರಿನಿಂದ ಸುಮಾರು ಎಪ್ಪತ್ತೈದು ಕಿಲೋಮೀಟರ್ ದೂರದ ಕಾವಿ-ಕಂಬೋಯಿಗೆ ಹೋಗಿ. ಖಂಭಾತ್ ಕೊಲ್ಲಿಯ ದಡದಲ್ಲಿರುವ ಅಲ್ಲಿನ ಸ್ತಂಭೇಶ್ವರ ಮಹಾದೇವನ ಗುಡಿ ದಿನಕ್ಕೆರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ಜನ ದರ್ಶನಕ್ಕೆ ಹೋಗುತ್ತಾರೆ. ನಾನು ನೀರು ನೋಡಲು ಹೋದೆ, ದರ್ಶನವೂ ಆಯಿತು. ನಡೆದು ಹೋಗಿ ಕೈಮುಗಿದ ಜಾಗ ಕೆಲವೇ ಗಂಟೆಗಳಲ್ಲಿ ಕಡಲಾಗುವುದನ್ನು ದಡದಲ್ಲಿ ನಿಂತು ನೋಡಿದರೆ ಯಾವ ಪುಸ್ತಕವೂ ಬೇಡ.

ಲೆಕ್ಕ ಹೀಗಿದೆ. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಸುಮಾರು ಒಂದೂವರೆ ಮೀಟರ್. ಈ ಕೊಲ್ಲಿಯಲ್ಲಿ, ಭಾವನಗರದ ಬಳಿ, ದೊಡ್ಡ ಉಬ್ಬರದ ದಿನಗಳಲ್ಲಿ ಅದು ಹತ್ತು ಮೀಟರ್ ಮುಟ್ಟುತ್ತದೆ. ಅಂದರೆ ಮೂರು ಮಹಡಿ. ಅಗಲವಾದ ಬಾಯಿಯಿಂದ ನುಗ್ಗಿದ ನೀರು ಒಳಗೆ ಹೋದಂತೆ ಕಿರಿದಾಗುವ, ಆಳ ಕಡಿಮೆಯಾಗುವ ಕೊಲ್ಲಿಯಲ್ಲಿ ಮೇಲೇರದೆ ಬೇರೆ ದಾರಿಯಿಲ್ಲ.

ಏರುವುದೂ ಒಂದೇ ಸಮನಾಗಿ ಅಲ್ಲ. ನೀರು ತಳದಿಂದ ತುದಿಗೆ ಬರಲು ಸುಮಾರು ಆರು ಗಂಟೆ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಆಮೇಲೆ ಕ್ರಮವಾಗಿ 2, 3, 3, 2, 1. ಇದು ನಾವಿಕರ ಅಂದಾಜಿನ ಸೂತ್ರ. ನಡುವಿನ ಎರಡೇ ಗಂಟೆಯಲ್ಲಿ ಅರ್ಧ ನೀರು ಬರುತ್ತದೆ. ಮಂಗಳೂರಿನಲ್ಲಿ ಆ ಅರ್ಧ ಎಂದರೆ ಮುಕ್ಕಾಲು ಮೀಟರ್, ಇಲ್ಲಿ ಐದು ಮೀಟರ್. ಅಷ್ಟು ನೀರು ಬರಬೇಕಾದರೆ ಓಡಿಯೇ ಬರಬೇಕು. ಕೊಲ್ಲಿಯ ಕೆಲವೆಡೆ ಸೆಳೆತ ಗಂಟೆಗೆ ಹತ್ತು ಕಿಲೋಮೀಟರ್ ದಾಟುತ್ತದೆ. ನಾನು ಚೆನ್ನಾಗಿ ಹುಟ್ಟು ಹಾಕಿದರೆ ಗಂಟೆಗೆ ಐದು ಕಿಲೋಮೀಟರ್ ಹೋಗಬಲ್ಲೆ. ಹತ್ತರಲ್ಲಿ ಐದು ಕಳೆದರೆ ಉಳಿಯುವ ಐದು ನಾನು ಹಿಂದಕ್ಕೆ ಹೋಗುವ ವೇಗ.

ಸೂರತ್: ಓಡುವ ನೀರು

ತಾಪಿ ನದಿಗೆ ಸೂರತ್‌ನಲ್ಲಿ ಎರಡು ಸ್ವಭಾವ. ರಾಂದೇರ್ ಮತ್ತು ಸಿಂಗಣ್‌ಪೋರ್ ನಡುವೆ 1995ರಲ್ಲಿ ಕಟ್ಟಿದ ಕಾಸ್‌ವೇಯ ಮೇಲ್ಭಾಗದಲ್ಲಿ ಸಿಹಿನೀರು ನಿಂತಿದೆ. ಕೆಳಭಾಗದಲ್ಲಿ ಸಮುದ್ರದ ಏರಿಳಿತ. ದುಮಸ್‌ನ ಕಪ್ಪು ಮರಳು, ಹಜೀರಾದಿಂದ ಘೋಘಾಕ್ಕೆ ಕೊಲ್ಲಿ ದಾಟುವ ಫೆರ್ರಿ, ಎಲ್ಲವೂ ಈ ಎರಡನೆಯ ನೀರಿನದು. ದುಮಸ್‌ನಲ್ಲಿ ಮರಳಿಗಿಳಿಸಿದ ಕಾರು ಹೂತುಹೋದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇಳಿತದಲ್ಲಿ ನೀರು ಬಹುದೂರ ಸರಿದು ಕೆಸರು ತೆರೆದುಕೊಳ್ಳುತ್ತದೆ. ಆ ಹೊತ್ತಿಗೆ ದೋಣಿ ಹೊರಗಿದ್ದರೆ ದಡ ಕಣ್ಣೆದುರಿಗೇ ಇರುತ್ತದೆ, ಮುಟ್ಟಲು ಆಗುವುದಿಲ್ಲ.

ಇಲ್ಲಿ ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಬಗ್ಗೆ ನನಗಿದ್ದ ಆಸೆಯೂ ತಣ್ಣಗಾಯಿತು. ಪೆಡಲ್ ಇದ್ದರೆ ಕೈ ಖಾಲಿ, ಗಾಳಕ್ಕೆ ಅನುಕೂಲ, ನಿಜ. ಆದರೆ ತಳದ ಕೆಳಗೆ ಅರ್ಧ ಮೀಟರಿನಷ್ಟು ಇಳಿಯುವ ರೆಕ್ಕೆಗಳು ಆಳವಿಲ್ಲದ ಕೆಸರುನೀರಿನಲ್ಲಿ ಸಿಕ್ಕಿಕೊಳ್ಳುತ್ತವೆ, ಬೆಲೆಯೂ ಎರಡು ಮೂರು ಪಟ್ಟು.

ಮಗ್‌ದಲ್ಲಾ ಕಡೆ ಬಲೆ ಸರಿಮಾಡುತ್ತ ಕೂತಿದ್ದ ಒಬ್ಬ ಕಾಕಾಗೆ ಫೋನಿನಲ್ಲಿ ಕಯಾಕ್ ಚಿತ್ರ ತೋರಿಸಿದೆ.

“ಇದಕ್ಕೆ ಎಂಜಿನ್ ಎಲ್ಲಿ, ಭಾಯಿ?”

“ಇಲ್ಲ ಕಾಕಾ, ಕೈಯೇ ಎಂಜಿನ್.”

“ಹಾಗಾದರೆ ಓಟ್ ಕರೆದುಕೊಂಡು ಹೋದಲ್ಲಿಗೆ ಹೋಗು, ಭರತಿ ತಂದು ಬಿಟ್ಟಲ್ಲಿ ಇಳಿ.”

ಗುಜರಾತಿಯಲ್ಲಿ ಭರತಿ ಎಂದರೆ ನಮ್ಮ ಕರಾವಳಿಯ ಭರತ, ಓಟ್ ಎಂದರೆ ಇಳಿತ. ನನ್ನ ಕಿವಿಗೆ ಅದು ಕನ್ನಡದ ‘ಓಟ’ ಎಂದೇ ಬಿತ್ತು. ಅರ್ಥವೂ ಕೆಟ್ಟಿರಲಿಲ್ಲ.

ಕಾಕಾನ ಮಾತು ಹೊಸದಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಕೈಪಿಡಿ ಬರಿಗಾಜಾ, ಅಂದರೆ ಇಂದಿನ ಭರೂಚ್‌ನ ನೀರಿನ ಬಗ್ಗೆ ಇದೇ ಎಚ್ಚರಿಕೆ ಕೊಡುತ್ತದೆ. ಹೊರಗಿನ ಹಡಗುಗಳನ್ನು ರಾಜನ ಕಡೆಯ ಬೆಸ್ತರು ತಮ್ಮ ದೋಣಿಗಳಲ್ಲಿ ಎದುರುಗೊಂಡು, ಉಬ್ಬರ ನೋಡಿಕೊಂಡು ಒಳಗೆ ಎಳೆದು ತರುತ್ತಿದ್ದರಂತೆ. ದೊಡ್ಡ ಹಡಗುಗಳೇ ಸ್ಥಳೀಯರ ಕೈ ಹಿಡಿದು ಬಂದ ನೀರಿನಲ್ಲಿ ಹನ್ನೆರಡು ಅಡಿ ಪ್ಲಾಸ್ಟಿಕ್ ದೋಣಿಯಲ್ಲಿ ಭಾನುವಾರದ ಹವ್ಯಾಸ ಬೇಡ ಎಂದು ಅಂದೇ ತೀರ್ಮಾನಿಸಿದೆ. ಕೊಲ್ಲಿಯ ನೀರು ಅದನ್ನು ಬಲ್ಲವರಿಗಿರಲಿ.

ಕೊಂಡದ್ದು, ಕಟ್ಟಿದ್ದು

ಹಾಗೆಂದು ಕಯಾಕ್ ಬಿಡಲಿಲ್ಲ, ನೀರು ಬದಲಿಸಿದೆ. ಇಲ್ಲಿ ಮೂವರು ಗೆಳೆಯರು ಸೇರಿ ಗಾಳಿ ತುಂಬುವ ಕಯಾಕ್ ಒಂದನ್ನು ಇಟ್ಟುಕೊಂಡಿದ್ದೇವೆ. ಲಿಫ್ಟಿನಲ್ಲೂ ಹಿಡಿಯುತ್ತದೆ, ಕಾರಿನ ಡಿಕ್ಕಿಯಲ್ಲೂ ಹಿಡಿಯುತ್ತದೆ. ಕಾಮ್ರೇಜ್ ಕಡೆ ತಾಪಿಯ ಸಿಹಿನೀರಿನಲ್ಲಿ, ಮಳೆಗಾಲ ಬಿಟ್ಟು, ಅಭ್ಯಾಸ. ಗಾಳಿಯ ದೋಣಿಯನ್ನು ಸಮುದ್ರಕ್ಕೆ ಒಯ್ಯುವುದಿಲ್ಲ. ಗಾಳಿ ಬೀಸಿದರೆ ಅದು ಎಲೆಯಂತೆ ಜಾರುತ್ತದೆ, ಮೀನಿನ ಮುಳ್ಳಿಗೂ ಗಾಳದ ಕೊಕ್ಕೆಗೂ ಹೆದರಬೇಕು.

ಕಡಲಿಗೆಂದು ಕೊಂಡ ಗಟ್ಟಿ ಕಯಾಕ್ ಹೊನ್ನಾವರದ ಮನೆಯ ಕೊಟ್ಟಿಗೆಯಲ್ಲಿದೆ. ಉದ್ದ 12 ಅಡಿ, ಅಗಲ 32 ಇಂಚು. ಉದ್ದ ಹೆಚ್ಚಿದರೆ ನೇರ ಹೋಗುತ್ತದೆ, ಅಗಲ ಹೆಚ್ಚಿದರೆ ಅಲುಗುವುದಿಲ್ಲ ಆದರೆ ನಿಧಾನ. ನಮ್ಮ ಹಿರಿಯರು ಈ ತೊಡಕನ್ನು ಬೇರೆ ರೀತಿ ಬಿಡಿಸಿದ್ದರು. ಕಾರವಾರ ಕಡೆಯ ಕಿರಿದಾದ ಪಾತಿ ದೋಣಿಗೆ ಎರಡು ಕೋಲು ಚಾಚಿ ಪಕ್ಕದಲ್ಲಿ ತೇಲುಮರ ಕಟ್ಟಿದರು. ವೇಗವೂ ಉಳಿಯಿತು, ನಿಲುವೂ ಸಿಕ್ಕಿತು.

ಭಾರದ ಲೆಕ್ಕ ಮರೆಯಬೇಡಿ. ನನ್ನ ದೋಣಿ 160 ಕಿಲೋ ಹೊರುತ್ತದೆ ಎಂದು ಬರೆದಿದೆ. ನಾನು ಅದರ ಎಪ್ಪತ್ತು ಭಾಗವನ್ನಷ್ಟೇ, ಅಂದರೆ 112 ಕಿಲೋ, ನಂಬುತ್ತೇನೆ. ನಾನು 78, ಸಾಮಾನು 15, ನೀರು, ಐಸು ಮತ್ತು (ದೇವರು ದೊಡ್ಡವನು) ಮೀನು ಸೇರಿ 15. ಅಲ್ಲಿಗೆ ಮುಗಿಯಿತು.

ಸಾಮಾನಿನಲ್ಲಿ ಮೊದಲು ಲೈಫ್ ಜಾಕೆಟ್. ಅದು ಇಡುವುದಕ್ಕಲ್ಲ, ತೊಡುವುದಕ್ಕೆ. ಅದಕ್ಕೆ ಕಟ್ಟಿದ ಸೀಟಿ, ಹಗ್ಗ ಕತ್ತರಿಸಲು ಚಿಕ್ಕ ಚಾಕು. ಹುಟ್ಟಿಗೆ ದೋಣಿಗೆ ಸೇರಿಸಿದ ದಾರ, ಏಕೆಂದರೆ ಹುಟ್ಟು ಹೋದರೆ ಎಲ್ಲವೂ ಹೋಯಿತು. ಫೋನು ನೀರು ಹೋಗದ ಚೀಲದಲ್ಲಿ, ಮೈಮೇಲೆ. ದೂರಕ್ಕೆ ಕಾಣುವ ಕಿತ್ತಳೆ ಬಾವುಟ. ಚಿಕ್ಕ ಲಂಗರನ್ನು ಸೆಳೆತವಿರುವಲ್ಲಿ ಎಂದೂ ದೋಣಿಯ ಪಕ್ಕಕ್ಕೆ ಕಟ್ಟಬಾರದು, ಮಗುಚುತ್ತದೆ. ತುದಿಗೆ ಕಟ್ಟಬೇಕು, ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಇಷ್ಟಾದ ಮೇಲೆ ಗಾಳದ ಕೋಲು ಸಿಕ್ಕಿಸುವ ಎರಡು ಹಿಡಿಕೆ, ಹಿಂದೆ ಒಂದು ಪ್ಲಾಸ್ಟಿಕ್ ಕ್ರೇಟು. ಫಿಶ್ ಫೈಂಡರ್ ಹಾಕಿಲ್ಲ. ಕಾಣೆ ಎಲ್ಲಿದೆ ಎಂದು ಊರಿನವರೇ ಹೇಳುತ್ತಾರೆ, ಮನಸ್ಸಿದ್ದರೆ.

ಹೆಂಡತಿ ಇದಕ್ಕೆಲ್ಲ ಒಂದೇ ಷರತ್ತು ಹಾಕಿದಳು: “ಏನು ಬೇಕಾದ್ರೂ ತಗೊಳ್ಳಿ, ಒಬ್ರೇ ಹೋಗ್ಬೇಡಿ.” ಹಾಗಾಗಿ ಡಿಸೆಂಬರ್-ಜನವರಿ ರಜೆಯಲ್ಲಿ ಊರಿನ ಸಣ್ಣ ದೋಣಿಯೊಂದರ ಜೊತೆಗೇ ಇಳಿಯುತ್ತೇನೆ. ಅಳಿವೆ ಬಾಯಲ್ಲಿ ಮರಳದಿಬ್ಬದ ಮೇಲೆ ತೆರೆ ಒಡೆಯುವುದರಿಂದ ಇಳಿತದ ಹೊತ್ತಿನಲ್ಲಿ ಆ ಕಡೆ ಹೋಗುವುದಿಲ್ಲ. ಬೆಳಗಿನ ನೆಲಗಾಳಿ ಹೊರಕ್ಕೆ ತಳ್ಳುತ್ತದೆ, ಮಧ್ಯಾಹ್ನದ ಕಡಲಗಾಳಿ ತೆರೆ ಎಬ್ಬಿಸುತ್ತದೆ. ಆದ್ದರಿಂದ ದಡ ಬಿಟ್ಟು ಬಹಳ ದೂರ ಹೋಗದೆ ಹತ್ತು ಗಂಟೆಯೊಳಗೆ ವಾಪಸ್. ಬಸವರಾಜದುರ್ಗ ದ್ವೀಪ ಅಲ್ಲೇ ಇದ್ದಂತೆ ಕಾಣುತ್ತದೆ. ಕಾಣಲಿ.

ನಿಮ್ಮ ಊರಿನಲ್ಲಿ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟೇ. ಅಂಗಡಿಗೆ ಹೋಗುವ ಮೊದಲು ಒಂದು ತಿಂಗಳು ಗೋಡೆಗೆ ಪಂಚಾಂಗ ತೂಗುಹಾಕಿ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಚಿಕ್ಕದು, ಹುಣ್ಣಿಮೆ ಅಮಾವಾಸ್ಯೆ ಕಳೆದ ಒಂದೆರಡು ದಿನ ದೊಡ್ಡದು. ಆ ದಿನಗಳಲ್ಲಿ ಹೋಗಿ ದಡದಲ್ಲಿ ನಿಲ್ಲಿ, ನೀರು ನೋಡಿ, ಅಲ್ಲಿ ಬಲೆ ಹಾಕುವವರನ್ನು ಮಾತಾಡಿಸಿ. ಯಾವ ದೋಣಿ ಬೇಕು, ದೋಣಿ ಬೇಕೋ ಬೇಡವೋ ಎಂಬುದನ್ನೂ ಅವರೇ ಹೇಳುತ್ತಾರೆ.